ಮಲಾಜಿನ ಮನೆಯಲ್ಲಿ ಐವರ ಹಾಡು

ಸೆಪ್ಟೆಂಬರ್ 22, 2016, ಗುರುವಾರ, ರಿಯಾದ್

ಮಾತಾಡಬಾರದೆಂದು ಡಾಕ್ಟರ್ ಹೇಳಿರುವುದರಿಂದ ಬರೆಯುತ್ತಿದ್ದೇನೆ. ಬರೆಯದಿದ್ದರೆ ಈ ಮನೆಯಲ್ಲಿ ನಡೆಯುವ ತಪ್ಪುಗಳನ್ನೆಲ್ಲ ಹೊಟ್ಟೆಯೊಳಗೇ ಇಟ್ಟುಕೊಳ್ಳಬೇಕು. ಅದು ನನ್ನಿಂದಾಗದು.

ಕುತ್ತಿಗೆಯ ಥೈರಾಯ್ಡ್ ಗಡ್ಡೆ ತೆಗೆದು ವಾರವಾಯಿತು. ಗಾಯ ಒಣಗುತ್ತಿದೆ. ಸ್ವರ ಮಾತ್ರ ಬರುತ್ತಿಲ್ಲ. ಬಾಯಿ ತೆರೆದರೆ ಗಾಳಿ ಬಿಟ್ಟ ಸೈಕಲ್ ಟ್ಯೂಬಿನ ಸದ್ದು. ಹೀಗಾಗಬಹುದೆಂದು ಡಾಕ್ಟರ್ ಮೊದಲೇ ಹೇಳಿದ್ದರು. ಕೆಲವು ತಿಂಗಳಲ್ಲಿ ಸರಿಯಾಗಬಹುದಂತೆ, ಆಗದೆಯೂ ಇರಬಹುದಂತೆ.

ಆಗಲೇಬೇಕು. ಡಿಸೆಂಬರ್ ಮೂವತ್ತಕ್ಕೆ ಮೊಮ್ಮಗಳು ರೆನಿಟಾಳ ರೋಸ್. ಮದುವೆ ಜನವರಿಯಲ್ಲಿ, ಕಿನ್ನಿಗೋಳಿಯ ಇಗರ್ಜಿಯಲ್ಲಿ. ರೋಸ್ ಮದುವೆಯ ಹಿಂದಿನ ದಿನ ಆಗಬೇಕಾದದ್ದು. ಆದರೆ ಅವಳನ್ನು ಎತ್ತಿ ಆಡಿಸಿದ, ರಿಯಾದಿನ ನಮ್ಮ ಬಡಾವಣೆ ಮಲಾಜಿನವರಿಗೆಲ್ಲ ಊರಿಗೆ ಬರಲು ರಜೆ ಸಿಗುವುದಿಲ್ಲವೆಂದು ಮಗ ವಲೆಂಟೈನ್ ಅದನ್ನು ಇಲ್ಲೇ ಇಟ್ಟುಕೊಂಡಿದ್ದಾನೆ. ಎಲ್ಲಿ ಮಾಡಿದರೂ ಮದುಮಗಳ ತಲೆಗೆ ತೆಂಗಿನ ಹಾಲು ಬೀಳುವಾಗ ವೊವಿಯೊ ಹಾಡಬೇಕು. ಒಬ್ಬಳು ಮುಂದೆ ಸಾಲು ಎತ್ತಬೇಕು, ಉಳಿದವರು ಹಿಂದೆ ಹಾಡಬೇಕು. ನಮ್ಮ ಮನೆಯಲ್ಲಿ ಮುಂದೆ ಎತ್ತುವವಳು ನಾನು. ಸೆವ್ರಿನ್ ಬಾಯಿಯ ಸ್ವರ ಗದ್ದೆ ದಾಟಿ ಕೇಳಿಸುತ್ತದೆ ಎಂದು ಊರಿನಲ್ಲಿ ನನ್ನ ಬಗ್ಗೆ ಹೇಳುತ್ತಿದ್ದರು. ಹೇಳಿದ್ದು ಸುಳ್ಳಲ್ಲ.

ಸೆಪ್ಟೆಂಬರ್ 27, ಮಂಗಳವಾರ

ನಾನು ಬರೆದು ತೋರಿಸಲೆಂದು ವಲೆಂಟೈನ್ ಬತ್ಹಾ ಪೇಟೆಯಿಂದ ಮಕ್ಕಳ ಬಿಳಿ ಹಲಗೆಯೊಂದನ್ನು ತಂದುಕೊಟ್ಟಿದ್ದಾನೆ. ಅಂಚಿನಲ್ಲಿ ಬಾತುಕೋಳಿಯ ಚಿತ್ರ.

ಸಂಜೆ ರೆನಿಟಾ ತಾನು ಕೆಲಸ ಮಾಡುವ ಕ್ಲಿನಿಕ್ಕಿನಿಂದ ಬಂದವಳು ಕೋಣೆ ಸೇರಿ ಅಳುತ್ತಿದ್ದಳು. ನಿಶ್ಚಯವಾದ ಹುಡುಗಿ ಅತ್ತರೆ ಹೆದರಿಕೆಯಾಗುತ್ತದೆ. ಹುಡುಗನ ಕಡೆಯವರು ಏನಾದರೂ ಅಂದರೇ ಎಂದು ಹಲಗೆಯಲ್ಲಿ ಬರೆದು ಕೇಳಿದೆ.

"ಅದೆಲ್ಲ ಎಂತ ಇಲ್ಲ ಮಾಂಯ್. ನಮ್ಮ ತಂಡ ಡಿಸೆಂಬರಿಗೆ ಮುಗೀತದಂತೆ."

ಮಾಂಯ್ ಎಂದರೆ ಸೊಸೆ ಅತ್ತೆಯನ್ನು ಕರೆಯುವುದು. ತಾಯಿ ಕರೆಯುವುದನ್ನು ಕೇಳಿ ಮಗಳೂ, ಅವಳನ್ನು ಕೇಳಿ ಇಡೀ ಕಟ್ಟಡವೂ ನನ್ನನ್ನು ಹಾಗೆಯೇ ಕರೆಯುತ್ತದೆ.

ಯಾವ ತಂಡ ಎಂದರೆ ಜಪಾನಿನ ಹಾಡುಗಾರರಂತೆ. ಐವರು ಗಂಡಸರು. ಇವಳು ಇಲ್ಲಿನ ಶಾಲೆಯಲ್ಲಿದ್ದಾಗಿನಿಂದ ಕೇಳುತ್ತಿದ್ದಾಳೆ. ಒಟ್ಟಿಗೆ ಹಾಡುತ್ತಾ ಬೆಳೆದವರು ಇನ್ನು ಬೇರೆ ಬೇರೆ ಆಗುತ್ತಾರಂತೆ. ಫೋಟೋ ತೋರಿಸಿದಳು. ಎಲ್ಲರಿಗೂ ವಯಸ್ಸಾಗಿದೆ.

"ನಲವತ್ತು ದಾಟಿದ ಗಂಡಸರಿಗಾಗಿ ಅಳುವುದೇ? ಮುಖ ತೊಳೆ" ಎಂದು ಬರೆದೆ.

ಅವಳು ಓದಿ ಅಳುತ್ತಲೇ ನಕ್ಕಳು. "ಮಾಂಯ್, ನಿಮ್ಮ ಅಕ್ಷರ ಸಹ ಗದರಿಸ್ತದೆ."

ಅಕ್ಟೋಬರ್ 3, ಸೋಮವಾರ

ಸ್ವರ ಕಲಿಸುವವಳ ಹತ್ತಿರ ಸೊಸೆ ಆಗ್ನೆಸ್ ಕರೆದುಕೊಂಡು ಹೋದಳು. ಆಗ್ನೆಸ್ ಅದೇ ಆಸ್ಪತ್ರೆಯಲ್ಲಿ ನರ್ಸ್. ಕಲಿಸುವವಳು ಜೋರ್ಡಾನಿನ ಹುಡುಗಿ, ಹೆಸರು ಹಾಲಾ. ಲೋಟದ ನೀರಿಗೆ ಸ್ಟ್ರಾ ಹಾಕಿ ಗುಳುಗುಳು ಊದಿಸಿದಳು. ಹೋಟೆಲಿನಲ್ಲಿ ಜ್ಯೂಸ್ ಮುಗಿದ ಮೇಲೆ ಮಕ್ಕಳು ಹೀಗೆ ಮಾಡಿದರೆ ನಾನು ಕೈಗೆ ಒಂದು ಕೊಡುತ್ತಿದ್ದೆ. ಆಮೇಲೆ ಕನ್ನಡಿ ಮುಂದೆ ಆ, ಈ, ಊ. ಎಸ್ಸೆಸ್ಸೆಲ್ಸಿಯವರೆಗೆ ಓದಿದವಳಿಗೆ ಸ್ವರಾಕ್ಷರ ಕಲಿಸುತ್ತಾಳೆ.

"ಇಷ್ಟವಾದ ಹಾಡನ್ನು ಮನೆಯಲ್ಲಿ ಮೆಲ್ಲಗೆ ಗುನುಗಬೇಕಂತೆ ಮಾಂಯ್. ಕೆಳಗಿನ ಸ್ವರದಲ್ಲಿ. ಮೇಲೆ ಹೋಗ್ಬಾರದಂತೆ" ಎಂದು ಆಗ್ನೆಸ್ ಹೇಳಿದಳು.

ನನಗೆ ಇಷ್ಟವಾದದ್ದು ಇಗರ್ಜಿಯ ಗೀತೆಗಳು ಮತ್ತು ವೊವಿಯೊ. ಅವನ್ನು ಒಡಕು ಸ್ವರದಲ್ಲಿ ಹಾಡಲಾರೆ. ಗೋಡೆಗೂ ಕಿವಿಯುಂಟು. ಈ ಕಟ್ಟಡದ ಗೋಡೆಗಂತೂ ಉಂಟೇ ಉಂಟು.

ಅಕ್ಟೋಬರ್ 10, ಸೋಮವಾರ

ಜಪಸರದ ತಿಂಗಳು. ನಾನು ಬಾಯಿಬಿಟ್ಟು ಹೇಳಲಾಗದ್ದರಿಂದ ರೆನಿಟಾ ತನ್ನ ಟ್ಯಾಬಿನಲ್ಲಿ ಜಪಸರ ಹಾಕಿ ಅಡುಗೆಮನೆಯಲ್ಲಿಟ್ಟು ಹೋಗಿದ್ದಳು. ಬಂಗುಡೆಗೆ ಮಸಾಲೆ ಹಚ್ಚುತ್ತಾ ಕೇಳುತ್ತಿದ್ದೆ. ಜಪಸರ ಮುಗಿದದ್ದೇ ತಡ, ಆ ಐವರು ಶುರುಮಾಡಿದರು. ಎರಡೂ ಕೈ ಖಾರ. ಆರಿಸಲಾಗಲಿಲ್ಲ.

ಮೀನು ಮುಗಿಯುವವರೆಗೂ ಕೇಳಬೇಕಾಯಿತು.

ಚೀರುತ್ತಾರೆಂದು ಎಣಿಸಿದ್ದೆ. ಚೀರುವುದಿಲ್ಲ. ಒಬ್ಬ ಮಾತಾಡುವ ಹಾಗೆ ಆರಂಭಿಸುತ್ತಾನೆ. ಅವನ ಉಸಿರು ಮುಗಿಯುವ ಮೊದಲೇ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ. ತುಂಬಿದ ಕೊಡವನ್ನು ಒಬ್ಬರ ಸೊಂಟದಿಂದ ಇನ್ನೊಬ್ಬರ ಸೊಂಟಕ್ಕೆ ದಾಟಿಸಿದಂತೆ, ಒಂದು ಹನಿಯೂ ಚೆಲ್ಲುವುದಿಲ್ಲ. ಕೊನೆಗೆ ಐವರೂ ಒಂದೇ ಸ್ವರಕ್ಕೆ ಬಂದು ನಿಂತಾಗ ನನ್ನ ಕೈಯೂ ನಿಂತಿತ್ತು.

ಮೀನಿಗೆ ಉಪ್ಪು ಜಾಸ್ತಿಯಾಯಿತೆಂದು ವಲೆಂಟೈನ್ ಹೇಳಿದ. ಹೇಳಬಾರದಿತ್ತು.

ಅಕ್ಟೋಬರ್ 11, ಮಂಗಳವಾರ

ಕೈ ಶುದ್ಧವಿತ್ತು. ಆದರೂ ಆರಿಸಲಿಲ್ಲ.

ಅಕ್ಟೋಬರ್ 19, ಬುಧವಾರ

ಹಾಡಿನ ಮಾತುಗಳು ರೆನಿಟಾಳ ಟ್ಯಾಬಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿವೆ. ಓದಿ ನೋಡಿದೆ. ಆಶ್ಚರ್ಯವೆಂದರೆ ಆ ಭಾಷೆ ನಮ್ಮ ಅಕ್ಷರಕ್ಕೆ ಹೊಲಿದ ಅಂಗಿಯ ಹಾಗೆ ಕೂರುತ್ತದೆ. ಹೆಚ್ಚುಕಡಿಮೆ ಎಲ್ಲ ಶಬ್ದಗಳೂ ಸ್ವರದಲ್ಲಿ ಮುಗಿಯುತ್ತವೆ, ಇಲ್ಲವೇ 'ನ್' ಎಂದು ನಿಲ್ಲುತ್ತವೆ. ಇಂಗ್ಲಿಷಿನ ಹಾಗೆ ಬಾಯಿ ಮುಚ್ಚಿ ಕಚ್ಚಿ ಬಿಡುವುದಿಲ್ಲ. ಬಾಯಿ ತೆರೆದೇ ಇರುತ್ತದೆ. ಹಾಲಾ ಮಾಡಿಸುವ ಆ, ಈ, ಊ ಎಲ್ಲ ತಾವಾಗಿಯೇ ಅದರಲ್ಲಿ ಬಂದುಹೋಗುತ್ತವೆ. ಗಂಡಸರ ಹಾಡಾದ್ದರಿಂದ ಕೆಳಗಿನ ಸ್ವರದಲ್ಲೇ ಇದೆ.

ಸ್ನಾನದ ಮನೆಯ ಬಾಗಿಲು ಹಾಕಿ, ಫ್ಯಾನ್ ಹಾಕಿ, ಎರಡು ಸಾಲು ಹಾಡಿದೆ. ಕೆಟ್ಟದಾಗಿ ಬಂತು. ಆದರೆ ಅದು ಕೆಟ್ಟದ್ದೆಂದು ಹೇಳಲು ಈ ಮಲಾಜಿನಲ್ಲಿ ಯಾರಿಗೆ ಜಪಾನಿ ಬರುತ್ತದೆ?

ನಾಳೆ ಮೂರು ಸಾಲು.

ಅಕ್ಟೋಬರ್ 27, ಗುರುವಾರ

ಕೆಳಗಿನ ಮನೆಯ ಫಖ್ರುನ್ನಿಸಾ ಬಂದಿದ್ದಳು. ಕಾಪುವಿನವಳು, ಬಾಯಿಗೆ ಬೀಗವಿಲ್ಲ.

"ಮಾಂಯ್, ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನಿಮ್ಮ ಬಾತ್‌ರೂಮಿನಲ್ಲಿ ದಿನಾ ಹತ್ತು ಗಂಟೆಗೆ ಒಬ್ಬ ಚೀನಾದ ಮುದುಕ ಹಾಡ್ತಾನಲ್ಲ, ಅವ ಯಾರು?"

ರೆನಿಟಾ ಚಹಾದ ಕಪ್ಪು ಹಿಡಿದುಕೊಂಡು ನಿಂತಲ್ಲೇ ನಿಂತಳು.

"ಚೀನಾ ಅಲ್ಲ, ಜಪಾನ್" ಎಂದೆ. ಸ್ವರ ಬಂತು. ಒರಟಾಗಿ, ಮರಳಿನ ಮೇಲೆ ಗೋಣಿ ಎಳೆದಂತೆ. ಆದರೆ ಬಂತು.

"ಅಯ್ಯೋ ನನ್ನ ರಬ್ಬೇ, ಮುದುಕ ನೀವೇ!" ಎಂದು ಫಖ್ರುನ್ನಿಸಾ ಸೋಫಾದ ಮೇಲೆ ಬಿದ್ದು ನಕ್ಕಳು. ನಾನು ನಗಲಿಲ್ಲ. ಅವಳಿಗೆ ಇನ್ನೊಂದು ಚಕ್ಕುಲಿ ಕೊಟ್ಟೆ.

ಅವಳು ಹೋದ ಮೇಲೆ ರೆನಿಟಾ ನನ್ನ ಪಕ್ಕ ಕುಳಿತಳು. "ಯಾವ ಹಾಡು ಮಾಂಯ್?" ನಾನು ತೋರಿಸಿದೆ. ಅದು ಬೆಳಗಾಗೆದ್ದು ಅಂಗಡಿಯ ಬಾಗಿಲು ತೆರೆಯುವವರ ಹಾಡಂತೆ. ಒಬ್ಬ ರೊಟ್ಟಿಯವನು, ಒಬ್ಬ ಕ್ಷೌರದವನು, ರಾತ್ರಿ ಅತ್ತವರೂ ಬೆಳಿಗ್ಗೆ ಬಾಗಿಲು ತೆರೆಯುತ್ತಾರೆ ಎಂದು ಅರ್ಥವಂತೆ. ಇನ್ನೊಂದು, ಮಳೆಯಲ್ಲಿ ಸ್ಟೇಷನ್ನಿನ ಮುಂದೆ ಬಾರದವಳಿಗಾಗಿ ಕಾಯುವವನ ಹಾಡು. ಮಳೆಗೆ ಆ ಭಾಷೆಯಲ್ಲಿ 'ಆಮೆ' ಎನ್ನುತ್ತಾರಂತೆ. ಆಗಲಿ, ಅವರ ಮಳೆ ನಿಧಾನವಾಗಿ ಬರಲಿ.

ಅರ್ಥವಿಲ್ಲದ ಹಾಡುಗಳೆಂದು ಎಣಿಸಿದ್ದೆ. ಇವು ದುಡಿದು ತಿನ್ನುವವರ ಹಾಡುಗಳು.

ನವೆಂಬರ್ 5, ಶನಿವಾರ

ರೆನಿಟಾ ಅವರ ವೇದಿಕೆಯ ಕಾರ್ಯಕ್ರಮ ತೋರಿಸಿದಳು. ಕ್ರೀಡಾಂಗಣದ ತುಂಬ ಜನ. ಎಲ್ಲರ ಕೈಯಲ್ಲೂ ಸಣ್ಣ ದೀಪ.

ಐವರಲ್ಲಿ ಒಬ್ಬನಿಗೆ ಶ್ರುತಿಯೇ ಇಲ್ಲ. ನಾನು ಕೂಡಲೇ ಹಿಡಿದೆ. "ಹೌದು ಮಾಂಯ್, ಅದು ಇಡೀ ಜಪಾನಿಗೇ ಗೊತ್ತುಂಟು" ಎಂದಳು. ಗೊತ್ತಿದ್ದೂ ಅವನಿಗೆ ಸಾಲು ಕೊಡುತ್ತಾರೆ! ಅವನ ಸಾಲು ಬಂದಾಗ ಉಳಿದ ನಾಲ್ವರು ಮೈಕು ಕೆಳಗಿಳಿಸಿ ಸುಮ್ಮನಾಗುತ್ತಾರೆ. ಮುಚ್ಚಿಹಾಕುವುದಿಲ್ಲ. ಅವನು ತಪ್ಪು ಸ್ವರದಲ್ಲಿ ತಲೆ ಎತ್ತಿಕೊಂಡೇ ಹಾಡಿದ. ಜನ ಎಲ್ಲರಿಗಿಂತ ಹೆಚ್ಚು ಕೂಗಿದ್ದು ಅವನಿಗೆ.

ಇದು ಅಶಿಸ್ತು ಎಂದು ಇಲ್ಲಿ ಬರೆಯಬೇಕೆಂದಿದ್ದೆ. ಆದರೆ ಅವಳಿಗೆ, ಅದನ್ನು ಇನ್ನೊಮ್ಮೆ ಹಾಕು ಎಂದೆ. ಹಾಡು ಮುಗಿದಾಗ ಐವರೂ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಅವಸರವಿಲ್ಲದ ನಮಸ್ಕಾರ. ನಮ್ಮ ಊರಿನ ಗಾಯನ ಮಂಡಳಿಯವರು ಇದನ್ನು ನೋಡಬೇಕಿತ್ತು. ಅವರು ಇಗರ್ಜಿಯಲ್ಲಿ ಪರಮಪ್ರಸಾದ ಮುಗಿಯುವ ಮೊದಲೇ ಸ್ಕೂಟರಿನ ಕೀ ಹುಡುಕುತ್ತಾರೆ.

ನವೆಂಬರ್ 12, ಶನಿವಾರ

ಇವತ್ತು ವೊವಿಯೊದಿಂದ ಒಂದು ವೊವಿ ಹಾಡಿ ನೋಡಿದೆ. ಜಪಾನಿ ಹಾಡಿನಲ್ಲಿ ಸ್ವರ ಬರುವುದಾದರೆ ಸ್ವಂತ ಭಾಷೆಯಲ್ಲಿ ಯಾಕೆ ಬಾರದು? ನನ್ನ ಯಾವಾಗಿನ ಎತ್ತರದಲ್ಲೇ ಎತ್ತಿದೆ. ಎರಡನೇ ಮಾತಿಗೆ ಸ್ವರ ಒಡೆದು ಬರೀ ಗಾಳಿ. ಮತ್ತೆ ಎತ್ತಿದೆ. ಮತ್ತೆ ಗಾಳಿ.

ರಾತ್ರಿ ಪಾಳಿ ಮುಗಿಸಿ ಮಲಗಿದ್ದ ಆಗ್ನೆಸ್ ಎದ್ದು ಬಂದಳು.

"ಮಾಂಯ್, ಸ್ವಲ್ಪ ಕೆಳಗಿಂದ ಎತ್ತಿದ್ರೆ ಬರ್ತದೆ."

"ಕೆಳಗಿಂದ ಎತ್ತುವುದು ಸಾವಿನ ಮನೆಯಲ್ಲಿ."

"ಹಾಗಾದ್ರೆ ನಾನು ಮುಂದೆ ಹಾಡ್ಲಾ? ನೀವು ಪಕ್ಕದಲ್ಲಿ ಕೂತ್ರೆ ಸಾಕು."

ಆಗ್ನೆಸ್ ಕಲ್ಯಾಣಪುರದವಳು. ಅಲ್ಲಿಯವರು ಸಾಲಿನ ಕೊನೆಯನ್ನು ತೊಟ್ಟಿಲು ತೂಗಿದಂತೆ ಎಳೆಯುತ್ತಾರೆ. ನಮ್ಮದು ಹಾಗಲ್ಲ, ನೆಟ್ಟಗೆ ಇಟ್ಟು ನಿಲ್ಲಿಸುವುದು. ಅವಳು ಈ ಮನೆಗೆ ಬಂದ ಹೊಸತರಲ್ಲೇ ನಾದಿನಿಯ ರೋಸಿನಲ್ಲಿ ಬಾಯಿ ಹಾಕಿದಾಗ ಹೇಳಿದ್ದೆ. ಇವತ್ತೂ ಹೇಳಿದೆ. "ಕಲ್ಯಾಣಪುರದ ಧಾಟಿ ಕಿನ್ನಿಗೋಳಿಯವರ ರೋಸಿಗೆ ಬೇಡ."

ಅವಳು ಚಹಾ ಕುಡಿದು, ಕಪ್ಪು ತೊಳೆದಿಟ್ಟು ಹೋಗಿ ಮಲಗಿದಳು. ಎದುರಾಡಲಿಲ್ಲ. ಎದುರಾಡಿದ್ದರೆ ಒಳ್ಳೆಯದಿತ್ತು.

ನವೆಂಬರ್ 14, ಸೋಮವಾರ

ಬರೆಯಲು ಏನೂ ಇಲ್ಲ. ಟ್ಯಾಬು ಮುಟ್ಟಲಿಲ್ಲ.

ನವೆಂಬರ್ 25, ಶುಕ್ರವಾರ

ಮದುಮಗನ ಸೋದರತ್ತೆ ಫ್ಲೋರಿನ್ ಫೋನ್ ಮಾಡಿದ್ದಳು. ಅವರೂ ರಿಯಾದಿನಲ್ಲೇ ಇದ್ದಾರೆ. ಮಾತಾಡುತ್ತಿರುವುದು ನನ್ನ ಜೊತೆಗೇ ಎಂದು ಅವಳಿಗೆ ತಿಳಿಯಲಿಲ್ಲ.

"ಬಾಯಿಯವರಿಗೆ ಸ್ವರ ಇಲ್ವಂತಲ್ಲ, ಪಾಪ. ನೀವು ಎಂತ ತಲೆಬಿಸಿ ಮಾಡ್ಬೇಡಿ. ವೊವಿಯೊದ ಸಿ.ಡಿ. ನಮ್ಮಲ್ಲಿ ಉಂಟು. ಪ್ಲೇಯರ್ ಸಮೇತ ತರ್ತೇವೆ. ಬಟನ್ ಒತ್ತಿದ್ರೆ ಆಯ್ತು."

ಪಾಪ ಅಂದಳು. ನನ್ನನ್ನು.

ಸಿ.ಡಿ.ಗೆ ಮದುಮಗಳ ಹೆಸರು ಗೊತ್ತುಂಟೇ? ಹಾಲು ಹಾಕಲು ಎದ್ದುಬಂದವರು ಸೋದರಮಾವನೋ ಚಿಕ್ಕಮ್ಮನೋ ಎಂದು ನೋಡಿ ಸಾಲು ಕಟ್ಟಲು ಅದಕ್ಕೆ ಕಣ್ಣುಂಟೇ? ನನ್ನ ಮೊಮ್ಮಗಳು ಕಬ್ಬಿಣದ ಡಬ್ಬಿಯ ಹಾಡು ಕೇಳಿಕೊಂಡು ರೋಸ್ ಮಾಡಿಸಿಕೊಳ್ಳಬೇಕೇ?

"ಬೇಡ. ನಮ್ಮ ಮನೆಯಲ್ಲಿ ಹಾಡುವವರಿದ್ದಾರೆ" ಎಂದು ಫೋನ್ ಇಟ್ಟೆ. ಯಾರಿದ್ದಾರೆಂದು ಅವಳು ಕೇಳಲಿಲ್ಲ, ಪುಣ್ಯ.

ನವೆಂಬರ್ 26, ಶನಿವಾರ

ಬೆಳಿಗ್ಗೆ ಅಂಗಡಿ ಬಾಗಿಲಿನ ಹಾಡನ್ನು ಮತ್ತೆ ಹಾಕಿದೆ. ಅಷ್ಟು ದಿನ ಕೇಳಿದರೂ ಒಂದು ವಿಷಯ ಇವತ್ತು ಸರಿಯಾಗಿ ತಲೆಗೆ ಹೋಯಿತು. ಇಡೀ ಹಾಡನ್ನು ಒಬ್ಬನಿಂದ ಹಾಡಿಸಿದರೆ ಅವರಲ್ಲಿ ಯಾರೂ ಅಂಥ ದೊಡ್ಡ ಗಾಯಕರಲ್ಲ. ಒಬ್ಬನದು ತೆಳು, ಒಬ್ಬನದು ಮೂಗಿನ ಸ್ವರ, ಒಬ್ಬನದನ್ನು ಕೇಳುವುದೇ ಬೇಡ. ಆದರೆ ಯಾವ ಸಾಲು ಯಾರ ಬಾಯಿಗೆ ಹೊಂದುತ್ತದೆಂದು ಅರಿತವರು ಯಾರೋ ಹಿಂದೆ ಇದ್ದಾರೆ. ಅರಿತು ಹಂಚಿದ್ದಾರೆ. ಆದ್ದರಿಂದ ಐವರೂ ಅರಸರ ಹಾಗೆ ಕೇಳಿಸುತ್ತಾರೆ.

ಆಗ್ನೆಸಳನ್ನು ಕರೆದೆ. "ನಿನ್ನ ಆಸ್ಪತ್ರೆಯಲ್ಲಿ ನಮ್ಮ ಕಡೆಯ ನರ್ಸುಗಳಿದ್ದಾರಲ್ಲ, ಸ್ವರ ಇರುವ ನಾಲ್ವರನ್ನು ಶುಕ್ರವಾರ ಕರೆದುಕೊಂಡು ಬಾ. ನಿನ್ನನ್ನು ಸೇರಿಸಿ ಐವರು."

"ಎಂತಕ್ಕೆ ಮಾಂಯ್?"

"ಕರೆದುಕೊಂಡು ಬಾ ಎಂದರೆ ಬಾ."

ಡಿಸೆಂಬರ್ 2, ಶುಕ್ರವಾರ

ಕಿಟಕಿ ಮುಚ್ಚಿ, ಪರದೆ ಎಳೆದು ಅಭ್ಯಾಸ ಶುರುಮಾಡಿಸಿದೆ. ನಾಲ್ವರೂ ಉಡುಪಿ ಕಡೆಯವರೇ. ಐರಿನ್ ಎಂಬವಳಿಗೆ ಒಳ್ಳೆಯ ಸ್ವರ, ಆದರೆ ಉಳಿದವರನ್ನು ತುಳಿದುಕೊಂಡು ಹೋಗುತ್ತಾಳೆ.

"ಐರಿನ್, ಇದು ಬಸ್ ಸ್ಟ್ಯಾಂಡಲ್ಲ. ನಿನ್ನ ಸಾಲು ಮುಗಿದ ಮೇಲೆ ಬಾಯಿ ಮುಚ್ಚುವುದೂ ಹಾಡುವುದೇ."

"ಮಾಂಯ್, ವೊವಿಯೊವನ್ನು ಒಬ್ಬರೇ ಅಲ್ವಾ ಎತ್ತುದು?"

ರೆನಿಟಾಳಿಂದ ಟ್ಯಾಬು ತರಿಸಿ ಆ ಐವರನ್ನು ತೋರಿಸಿದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೋಳಿಬಜೆ ತಂದಿದ್ದ ಫಖ್ರುನ್ನಿಸಾ, "ಇದು ನಮ್ಮ ಮಾಂಯ್‌ನ ಮನೆದೇವರು, ಸುಮ್ಮನೆ ನೋಡಿ ಮಾರಾಯ್ತಿ" ಎಂದಳು. ಅವಳನ್ನು ಗದರಿಸಿದೆ. ಆದರೆ ಎರಡನೇ ಸಲ ನೋಡುವಾಗ ಐರಿನ್ ಬೆರಳಿನಲ್ಲಿ ತಾಳ ಹಾಕುತ್ತಿದ್ದಳು. ಒಳ್ಳೆಯದು ಯಾರಿಗೂ ತಡವಾಗಿ ತಿಳಿಯುವುದಿಲ್ಲ.

ಧಾಟಿ ಕಲ್ಯಾಣಪುರದ್ದೇ ಇಟ್ಟುಕೊಂಡೆ. ಐವರಿಗೂ ಅದೇ ಬರುತ್ತದೆ. ಹೊಸದಾಗಿ ಕಲಿಸಲು ಸಮಯವಿಲ್ಲ, ಅದಕ್ಕೆ.

ಡಿಸೆಂಬರ್ 16, ಶುಕ್ರವಾರ

ಕೊನೆಯ ವೊವಿ ಕಠಿಣವಾದದ್ದು. ತೀರಿಹೋದ ಹಿರಿಯರನ್ನು ಹೆಸರು ಹಿಡಿದು ಆಶೀರ್ವಾದಕ್ಕೆ ಕರೆಯುವುದು. ಇಲ್ಲಿ ಕರೆಯಬೇಕಾದದ್ದು ರೆನಿಟಾಳ ಅಜ್ಜನನ್ನು, ಬೊನಿಫಾಸರನ್ನು. ಅದನ್ನು ಆಗ್ನೆಸಳಿಗೆ ಕೊಟ್ಟೆ. ಅವಳು ಮಾವನ ಹೆಸರನ್ನು ತೊಟ್ಟಿಲು ತೂಗಿದ ಹಾಗೆ ಎಳೆದಳು. ಅವರು ಬದುಕಿದ್ದಾಗ ಮಧ್ಯಾಹ್ನ ಆರಾಮಕುರ್ಚಿಯಲ್ಲಿ ನಿದ್ರೆ ಮಾಡುತ್ತಿದ್ದುದು ನೆನಪಾಯಿತು. ಆ ಧಾಟಿ ಆ ಸಾಲಿಗೆ ಹೊಂದುತ್ತದೆ. ಮೂರು ಸಲ ಹಾಡಿಸಿದೆ. ಮೂರು ಸಲವೂ ಒಂದಕ್ಷರ ತಪ್ಪಲಿಲ್ಲ.

ಎಲ್ಲರೂ ಹೋದ ಮೇಲೆ ರೆನಿಟಾ ಕೇಳಿದಳು. "ನಿಮ್ಮ ಸಾಲು ಯಾವುದು ಮಾಂಯ್?"

"ನನಗೆ ಸಾಲಿಲ್ಲ. ನಾನು ಕಲಿಸಿದವಳು."

"ಬಾತ್‌ರೂಮಿನಲ್ಲಿ ಹಾಡ್ತೀರಿ, ನನ್ನ ರೋಸಿಗೆ ಹಾಡುದಿಲ್ವಾ?"

"ಗಂಡಸಿನ ಸ್ವರದಲ್ಲಿ ವೊವಿ ಹಾಡಿದರೆ ಜನ ನಗುತ್ತಾರೆ."

"ನಗಲಿ" ಎಂದಳು. ಆಗ್ನೆಸ್ ಪಾತ್ರೆ ಒರೆಸುತ್ತಾ ಎಲ್ಲ ಕೇಳಿಸಿಕೊಂಡಳು. ರೆನಿಟಾ ಊಟ ಮುಗಿಯುವವರೆಗೆ ನನ್ನೊಂದಿಗೆ ಮಾತಾಡಲಿಲ್ಲ. ಹಟದಲ್ಲಿ ಯಾರ ಹಾಗೆ ಆಗಿದ್ದಾಳೋ.

ಡಿಸೆಂಬರ್ 31, ಶನಿವಾರ

ನಿನ್ನೆ ರೋಸ್ ಆಯಿತು.

ಊರ ಹೊರಗೆ ಬಾಡಿಗೆಗೆ ಹಿಡಿದ ಇಸ್ತಿರಾಹಾ ಎಂಬ ವಿಶ್ರಾಂತಿಗೃಹದಲ್ಲಿ ಮಧ್ಯಾಹ್ನದಿಂದಲೇ ಜನ. ಡಬ್ಬಿಯ ಹಾಲು ಬೇಡವೆಂದು ಹೇಳಿದ್ದೆ. ವಲೆಂಟೈನ್ ಬತ್ಹಾದಿಂದ ತೆಂಗಿನಕಾಯಿ ತಂದು ತಾನೇ ತುರಿದ. ಹಳೆಯ ಸೀರೆಯುಟ್ಟು ಮಣೆಯ ಮೇಲೆ ಕುಳಿತ ರೆನಿಟಾ ಚಿಕ್ಕವಳಾಗಿ ಕಾಣುತ್ತಿದ್ದಳು. ಫ್ಲೋರಿನ್ ಬೇಡವೆಂದರೂ ಪ್ಲೇಯರ್ ತಂದು ಮಡಿಲಲ್ಲಿಟ್ಟುಕೊಂಡಿದ್ದಳು.

ಶಿಲುಬೆಯ ಗುರುತಿನ ಮೊದಲ ವೊವಿಯನ್ನು ಐರಿನ್ ಎತ್ತಿದಳು. ಎರಡನೆಯದನ್ನು ಇನ್ನೊಬ್ಬಳು. ಫ್ಲೋರಿನ್ ನನ್ನ ಕಿವಿಯಲ್ಲಿ, "ಇದೆಂತ ಬಾಯಿ, ವೊವಿಯೊವನ್ನು ಸಹ ಪಾಲು ಮಾಡುದಾ?" ಎಂದಳು.

"ಜಪಾನಿನಲ್ಲಿ ಹೀಗೆಯೇ" ಎಂದೆ.

ಹುಡುಗಿಯರು ಹಾಡಿದ್ದನ್ನು ಏನೆಂದು ಬರೆಯಲಿ! ಒಬ್ಬಳ ಉಸಿರು ಮುಗಿಯುವ ಮೊದಲು ಇನ್ನೊಬ್ಬಳು. ಯಾರೂ ಯಾರನ್ನೂ ತುಳಿಯಲಿಲ್ಲ. ಹಾಲು ಹಾಕಲು ಎದ್ದುಬಂದವರೆಲ್ಲರ ಹೆಸರಿಗೂ ಸಾಲು ಸಿಕ್ಕಿತು. ಫಖ್ರುನ್ನಿಸಾಳಿಗೂ ಸಿಕ್ಕಿತು. ಅವಳು ಒಂದು ಚಮಚ ಹಾಕಿ ಕಣ್ಣೊರೆಸಿಕೊಂಡಳು.

ಕೊನೆಯ ವೊವಿ. ಆಗ್ನೆಸಳ ಸರದಿ. ಅವಳು ಹಾಲಿನ ಬೋಗುಣಿ ಹಿಡಿದು ನಿಂತಳು. ಉಸಿರು ಎಳೆದುಕೊಂಡಳು. ಹಾಡಲಿಲ್ಲ.

ನಾನು ಕಾದೆ. ಅವಳು ಬೋಗುಣಿಯನ್ನೇ ನೋಡುತ್ತಿದ್ದಳು. ಐರಿನ್ ಎತ್ತಿಕೊಳ್ಳಬಹುದೆಂದು ಅವಳ ಕಡೆ ನೋಡಿದೆ. ಎಂದೂ ಬಾಯಿ ಮುಚ್ಚದವಳು ನೆಲ ನೋಡುತ್ತಿದ್ದಳು. ನಾಲ್ವರೂ ನೆಲ ನೋಡುತ್ತಿದ್ದರು. ಫ್ಲೋರಿನ್‌ಳ ಬೆರಳು ಬಟನಿನ ಮೇಲೆ ಹೋಯಿತು.

ನಾನು ಎತ್ತಿದೆ. ಬೇರೆ ದಾರಿಯಿರಲಿಲ್ಲ. ನನ್ನ ಹಳೆಯ ಎತ್ತರ ಹುಡುಕಲು ಸಮಯವಿರಲಿಲ್ಲ, ಬಂದ ಸ್ವರದಲ್ಲೇ ಎತ್ತಿದೆ. ತಗ್ಗಿನ, ಒರಟಾದ, ಮುದುಕನ ಸ್ವರ. ಬೊನಿಫಾಸರ ಹೆಸರಿನ ಹತ್ತಿರ ಅದು ನಡುಗಿತು, ಆದರೆ ಒಡೆಯಲಿಲ್ಲ. ಯಾರೂ ನಗಲಿಲ್ಲ. ಸಾಲು ಮುಗಿಸಿ ನಿಂತೆ. ಹಿಂದೆ ಹಾಡುವವರು ಅವರ ಎತ್ತರದಲ್ಲೇ ಹಾಡುತ್ತಾರೆ, ನನ್ನ ಸಾಲು ಹೊರಗೆ ಬಿದ್ದ ಹಾಗಾಗುತ್ತದೆ ಎಂದುಕೊಂಡಿದ್ದೆ.

ಹಾಗಾಗಲಿಲ್ಲ. ಇಡೀ ಅಂಗಳ ನನ್ನ ಸ್ವರಕ್ಕೆ ಇಳಿದು ಬಂತು. ಹೆಂಗಸರು, ಹಿಂದೆ ನಿಂತಿದ್ದ ಗಂಡಸರು, ಎಲ್ಲರೂ ಅಷ್ಟು ಕೆಳಗೆ ಬಂದು ನನ್ನ ಜೊತೆ ನಿಂತರು. ರೆನಿಟಾಳ ಮುಖದ ಮೇಲೆ ಹಾಲು ಇಳಿಯುತ್ತಿದ್ದುದರಿಂದ ಅವಳು ಅಳುತ್ತಿದ್ದಾಳೋ ಎಂದು ಗೊತ್ತಾಗಲಿಲ್ಲ.

ಆ ಐವರೂ ಇವತ್ತಿಗೆ ಬೇರೆಯಾಗುತ್ತಾರೆ. ರೆನಿಟಾ ಬೆಳಗಿನಿಂದ ಟ್ಯಾಬು ಹಿಡಿದುಕೊಂಡಿದ್ದಾಳೆ. ನಾನೂ ಪಕ್ಕದಲ್ಲಿ ಕುಳಿತಿದ್ದೆ. ಅವರಿಗೆ ದೇವರು ಒಳ್ಳೆಯದು ಮಾಡಲಿ.

ಒಂದೇ ಒಂದು ಕುಂದು. ಆಗ್ನೆಸ್ ಅಷ್ಟು ಅಭ್ಯಾಸ ಮಾಡಿದ ಸಾಲನ್ನು ಸಮಯಕ್ಕೆ ಸರಿಯಾಗಿ ಮರೆತಳು. ಯಾಕೆ ಮರೆತೆ ಎಂದು ಕೇಳಿದ್ದಕ್ಕೆ, "ಎಂತದೋ ಮಾಂಯ್, ತಲೆಗೆ ಬರ್ಲಿಲ್ಲ" ಎಂದು ನಕ್ಕಳು. ನಗುವ ವಿಷಯವೇ ಇದು? ಇನ್ನು ಈ ಮನೆಯಲ್ಲಿ ಮುಂದೆ ಎತ್ತಬೇಕಾದವಳು ಅವಳು. ಊರಿನಿಂದ ಬಂದ ಮೇಲೆ ದಿನಾ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಬೇಕು.